ಮತ್ತೆ ಸಿಗರೇಟು ಬಿಡೋಕೆ: ಪ್ಯಾಚಾ, ಗಮ್ಮಾ, ಸುಮ್ನೆ ನಿಲ್ಲಿಸೋದಾ?

ಬಿಟ್ಟಿದ್ದು ಮತ್ತೆ ಶುರುವಾಯ್ತು ಅಂತ ಬೇಜಾರಾಗಬೇಡಿ. ಬಹಳ ಜನ ಹಲವು ಸಲ ಪ್ರಯತ್ನಿಸಿಯೇ ಬಿಡೋದು. ಹಿಂದಿನ ಸಲ ಎಲ್ಲಿ ಎಡವಿದಿರಿ ಅನ್ನೋದನ್ನು ನೋಡಿಕೊಂಡು ಆರಿಸಿ.

ದಿನವಿಡೀ ಚಡಪಡಿಕೆ ಇತ್ತಾ? ಹಾಗಾದರೆ ಪ್ಯಾಚ್, ಅಂದರೆ ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪಟ್ಟಿ. ಬೆಳಿಗ್ಗೆ ಅಂಟಿಸಿದರೆ ಆಯ್ತು, ನಿಕೋಟಿನ್ ನಿಧಾನವಾಗಿ ಮೈಗೆ ಸೇರುತ್ತಿರುತ್ತದೆ. ಚರ್ಮ ತುರಿಸಬಹುದು, ದಿನಾ ಜಾಗ ಬದಲಿಸಿ. ನಿದ್ದೆ ಕೆಟ್ಟರೆ ರಾತ್ರಿ ತೆಗೆದುಬಿಡಿ.

ಕಾಫಿ ಹೊತ್ತಲ್ಲೋ ಗೆಳೆಯರ ಜೊತೆಗೋ ಆಸೆ ನುಗ್ಗಿ ಬಂದು ಸೋತಿದ್ದರೆ ಗಮ್, ಅಂದರೆ ನಿಕೋಟಿನ್ ಇರೋ ಚ್ಯೂಯಿಂಗ್ ಗಮ್ ವಾಸಿ. ಆದರೆ ಇದನ್ನು ಬಳಸೋ ರೀತಿ ಕಲಿಯಬೇಕು. ಒಂದೇ ಸಮನೆ ಜಗಿಯಬಾರದು. ಬಾಯಿ ಚುರುಗುಟ್ಟುವವರೆಗೆ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಚುರುಚುರು ಇಳಿದ ಮೇಲೆ ಮತ್ತೆ ಜಗಿಯಿರಿ. ಅವಸರ ಮಾಡಿದರೆ ಬಿಕ್ಕಳಿಕೆ ಗ್ಯಾರಂಟಿ! ಕಾಫಿ ಕುಡಿದು 15 ನಿಮಿಷ ಬಿಟ್ಟು ಹಾಕಿಕೊಳ್ಳಿ. ಎದ್ದ 30 ನಿಮಿಷದೊಳಗೆ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ 2 ಮಿಲಿಗ್ರಾಂ ನಿಕೋಟಿನ್ ಇರೋ ಗಮ್ ಅಲ್ಲ, 4 ಮಿಲಿಗ್ರಾಂನದು ಹೇಳುತ್ತಾರೆ.

ಏನೂ ಬಳಸದೆ ನಿಲ್ಲಿಸೋಕೆ ಖರ್ಚಿಲ್ಲ. ದಿನಕ್ಕೆ ಒಂದೆರಡು ಸೇದುವವರಿಗೆ ಸಾಕಾಗಬಹುದು. ಮೊದಲ ವಾರವೇ ಸೋತವರಿಗೆ ಮಾತ್ರ ನಾನು ಹೇಳಲ್ಲ. ಅಂಥವರು ಪ್ಯಾಚ್, ಗಮ್ ಎರಡನ್ನೂ ಸೇರಿಸಿ ಬಳಸಬಹುದು, ಒಂದಕ್ಕಿಂತ ಜಾಸ್ತಿ ಫಲ ಕೊಡುತ್ತದೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ.