ವಾಡೆ, ಕಬ್ಬಿನ ಪಡ, ಬಾರಾ ಕಮಾನ್: ಸ್ಟೂಡೆಂಟ್ ಹಾರರ್ ಥ್ರಿಲ್ಲರ್‌ಗೆ ಯಾವ ಜಾಗ?

ಮೊದಲೇ ಹೇಳಿಬಿಡ್ತೇನೆ: ವಾಡೆ, ಅಂದರೆ ಹಳ್ಳಿಯ ದೇಸಾಯರ, ಗೌಡರ ಹಳೇ ದೊಡ್ಡ ಮನೆ. ಕಾಲೇಜಿನ ಪ್ರಾಜೆಕ್ಟಿಗೆ ಹತ್ತು-ಹನ್ನೆರಡು ನಿಮಿಷದ ಹಾರರ್ ಥ್ರಿಲ್ಲರ್ ಮಾಡುವವರು, ಕೈಯಲ್ಲಿ ಹದಿನೈದು-ಇಪ್ಪತ್ತು ಸಾವಿರ ರೂಪಾಯಿ ಇದ್ದವರು, ಕತೆ ಮುಗಿಸುವ ಮುಂಚೆಯೇ ಒಂದು ಹಳೇ ವಾಡೆ ಹುಡುಕಿಕೊಳ್ಳಿ. ಆಮೇಲೆ ಕತೆಯನ್ನು ಆ ವಾಡೆಗೆ ಹೊಂದುವಂತೆ ಬರೆಯಿರಿ. ಹುಡುಗಿಯೊಬ್ಬಳು ಕಂದೀಲು ಹಿಡಿದು ಬರ್ತಾಳೆ, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೀತಾರೆ, ತಿರುಗಿದರೆ ಯಾರೂ ಇಲ್ಲ. ಇದೊಂದೇ ದೃಶ್ಯವನ್ನು ವಾಡೆ, ಕಬ್ಬಿನ ಹೊಲ, ವಿಜಯಪುರದ ಬಾರಾ ಕಮಾನ್ ಮೂರೂ ಕಡೆ ಒಂದೇ ಫೋನಿನಲ್ಲಿ ತೆಗೆದು ಹೋಲಿಸಿದ ಮೇಲಿನ ಮಾತು ಇದು. ಬಾರಾ ಕಮಾನಿನಲ್ಲಿ ಮಾತ್ರ ಹಗಲಲ್ಲಿ, ಲೈಟಿಲ್ಲದೆ, ಬರೀ ಕೈಯಲ್ಲಿ ಹಿಡಿದು ತೆಗೆದದ್ದು.

ವಿಜಯಪುರದವರ ಮನಸ್ಸು ಮೊದಲು ಹೋಗುವುದೇ ಬಾರಾ ಕಮಾನಿನ ಕಡೆ. 1672ರಲ್ಲಿ ಎರಡನೇ ಅಲಿ ಆದಿಲ್ ಶಾಹನ ಸಾವಿನೊಂದಿಗೆ ಅರ್ಧಕ್ಕೇ ನಿಂತ ಗೋರಿ. ಚಾವಣಿ ಇಲ್ಲ, ಕಪ್ಪು ಕಲ್ಲಿನ ಕಮಾನುಗಳ ಮೇಲೆ ನೇರ ಆಕಾಶ. ಚೌಕಟ್ಟಿನಲ್ಲಿ ಇದರಷ್ಟು ಚೆಂದ ಯಾವುದೂ ಕಾಣುವುದಿಲ್ಲ, ಒಪ್ಪಿದೆ. ಆದರೆ ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಸಿನಿಮಾ ಚಿತ್ರೀಕರಣಕ್ಕೆ ಧಾರವಾಡ ವಲಯ ಕಚೇರಿಗೆ ಅರ್ಜಿ ಹಾಕಬೇಕು, ಶುಲ್ಕ ಮತ್ತು ಠೇವಣಿ ಕಟ್ಟಬೇಕು. ಟ್ರೈಪಾಡ್ ನಿಲ್ಲಿಸಲಿಕ್ಕೂ ಅನುಮತಿ ಬೇಕು. ಸೂರ್ಯ ಮುಳುಗಿದ ಮೇಲೆ ಒಳಗೆ ಇರುವಂತಿಲ್ಲ, ಹಾರರ್‌ಗೆ ಬೇಕಾಗಿರುವುದೇ ರಾತ್ರಿ. ಊರ ನಡುವಿನ ಜಾಗವಾದ್ದರಿಂದ ಆಟೋದ ಹಾರ್ನ್ ಬೇರೆ.

ಗೋಳಗುಮ್ಮಟಕ್ಕೆ ಮಾತ್ರ ಟಿಕೆಟ್ ತೆಗೆದುಕೊಂಡು ಅಭ್ಯಾಸಕ್ಕೆಂದೇ ಹೋಗಿ ಬನ್ನಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಶಾಲಾ ಮಕ್ಕಳ ಬಸ್ಸುಗಳು ಬರುವ ಮೊದಲು. ಪಿಸುಗುಟ್ಟುವ ಮೊಗಸಾಲೆಯಲ್ಲಿ, ಅಂದರೆ ವಿಸ್ಪರಿಂಗ್ ಗ್ಯಾಲರಿಯಲ್ಲಿ, ಗೋಡೆಗೆ ಕಿವಿ ಹಚ್ಚಿ ನಿಲ್ಲಿ, ಗೆಳೆಯನೊಬ್ಬ ಎದುರು ಬದಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ನಿಮ್ಮ ಹೆಸರು ಉಸುರಲಿ. ದನಿ ಬಗಲಿನಲ್ಲೇ ಕೇಳಿಸುತ್ತದೆ, ಮನುಷ್ಯ ಮಾತ್ರ ಅಲ್ಲಿರುವುದಿಲ್ಲ. ನಿಮ್ಮ ದೃಶ್ಯಕ್ಕೆ ಬೇಕಾದ ಹೆದರಿಕೆ ಅದೇ, ಅದನ್ನು ಎಡಿಟಿಂಗಿನಲ್ಲಿ ಕಟ್ಟಬಹುದು. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಶಬ್ದ ಎದುರು ಗೋಡೆಗೆ ಹೋಗಿ ಮರಳಲಿಕ್ಕೆ 0.22 ಸೆಕೆಂಡ್ ಬೇಕು. ಕರೆಯುವ ದನಿಯ ಮೇಲೆ 220 ಮಿಲಿಸೆಕೆಂಡಿನ ಡಿಲೇ ಹಾಕಿ, ಏಳು ಸಲ ಮರುಕಳಿಸಲಿ, ಪ್ರತಿ ಸಲ ಒಂದಿಷ್ಟು ಇಳಿಯಲಿ, ಒಮ್ಮೆ ಎಡಗಿವಿಗೆ ಒಮ್ಮೆ ಬಲಗಿವಿಗೆ. ವಿಜಯಪುರದಿಂದ ಇಷ್ಟು ತಂದರೆ ಸಾಕು.

ಇನ್ನು ಕಬ್ಬಿನ ಪಡ, ಅಂದರೆ ಬೆಳೆದು ನಿಂತ ಕಬ್ಬಿನ ಹೊಲ. ಮುಧೋಳ, ಜಮಖಂಡಿ, ಗೋಕಾಕ, ಚಿಕ್ಕೋಡಿ ಕಡೆಯವರಿಗೆ ಮನೆಯ ಹಿಂದೆಯೇ ಸೆಟ್ ಸಿಕ್ಕಂತೆ. ಬಾಡಿಗೆ ಇಲ್ಲ, ಕಾಕಾನ ಹೊಲವೇ ಆಗಿರುತ್ತದೆ. ಆಳೆತ್ತರ ಮೀರಿದ ಎರಡು ಗೋಡೆಯ ನಡುವೆ ಓಡುವ ಹುಡುಗಿ ಪರದೆಯ ಮೇಲೆ ನಿಜಕ್ಕೂ ಹೆದರಿಸ್ತಾಳೆ. ಇದನ್ನು ನಂಬಿ ಇಡೀ ಕತೆಯನ್ನು ಕಬ್ಬಿನಲ್ಲೇ ಬರೆದರೆ ಕೈ ಸುಟ್ಟುಕೊಳ್ಳುತ್ತೀರಿ, ಕಾರಣ ಕಟಾವು.

ವಿದ್ಯಾರ್ಥಿಗಳ ಶೂಟಿಂಗ್ ಶನಿವಾರ-ಭಾನುವಾರಗಳಲ್ಲಿ ನಡೆಯುತ್ತದೆ, ಅದೂ ಮಳೆ ನಿಂತ ಮೇಲೆ, ದೀಪಾವಳಿಯ ಆಚೀಚೆ. ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುವುದೂ ಅದೇ ಹೊತ್ತಿಗೆ. ಈ ಶನಿವಾರ ಒಂಬತ್ತು ಅಡಿ ಕಬ್ಬಿನಲ್ಲಿ ವೈಡ್ ಶಾಟ್‌ಗಳನ್ನೆಲ್ಲ ಮುಗಿಸಿ, ಕ್ಲೋಸ್ ಮುಂದಿನ ವಾರಕ್ಕೆ ಇಟ್ಟುಕೊಳ್ಳುತ್ತೀರಿ. ಬುಧವಾರ ಕಬ್ಬು ಕಡಿಯುವ ಗ್ಯಾಂಗ್ ಬರುತ್ತದೆ. ಮುಂದಿನ ಶನಿವಾರ ಕ್ಯಾಮೆರಾ ಹಿಡಿದು ಹೋದರೆ ಹೊಲ ಬಯಲು, ನೆಲದ ಮೇಲೆ ಮೊಣಕಾಲುದ್ದ ರವದಿ, ಅಂದರೆ ಕಬ್ಬಿನ ಒಣ ಎಲೆ.

ಹೊಲದವರನ್ನು ಬೈಯುವಂತಿಲ್ಲ. ಕಾರ್ಖಾನೆಯ ಸರದಿ ಬಂದು, ಗ್ಯಾಂಗ್ ಹೊಲದಲ್ಲಿ ಇಳಿದ ಮೇಲೆ ‘ಹುಡುಗರ ಪಿಚ್ಚರ್ ಐತಿ, ಎರಡು ದಿವಸ ತಡೀರಿ’ ಅಂತ ಯಾವ ರೈತನೂ ಹೇಳಲಾರ. ಗ್ಯಾಂಗ್ ಪಕ್ಕದ ಹೊಲಕ್ಕೆ ಹೋದರೆ ಮತ್ತೆ ಯಾವಾಗ ಬಂದೀತು ಹೇಳಲಾಗದು, ಅಷ್ಟರಲ್ಲಿ ಕಬ್ಬು ಒಣಗಿ ತೂಕ ಇಳಿಯುತ್ತದೆ. ಅವರ ವರ್ಷದ ದುಡಿಮೆಯ ಮುಂದೆ ನಮ್ಮ ಕ್ಲೋಸ್ ಶಾಟ್ ಏನೂ ಅಲ್ಲ.

‘ಪಕ್ಕದ ಹೊಲದಲ್ಲಿ ತೆಗೆದರಾಯ್ತು’ ಎಂಬ ಉಪಾಯವೂ ನಡೆಯುವುದಿಲ್ಲ. ತಳಿ ಬೇರೆಯಾದರೆ ಎಲೆಯ ಬಣ್ಣ, ಗಣಿಕೆಯ ಉದ್ದ ಬೇರೆ. ಒಂದು ಹೊಲದಲ್ಲಿ ರವದಿ ಸುಲಿದಿರುತ್ತಾರೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಸೂಲಂಗಿ (ಕಬ್ಬಿನ ಹೂ) ಬಂದು ತುದಿಯೆಲ್ಲ ಬೆಳ್ಳಗಾಗಿರುತ್ತದೆ. ಸಾಲು ಪೂರ್ವ-ಪಶ್ಚಿಮದ ಬದಲು ಉತ್ತರ-ದಕ್ಷಿಣ ಇದ್ದರೆ ಸಂಜೆಯ ಬೆಳಕು ಅಡ್ಡಡ್ಡ ಬೀಳುತ್ತದೆ. ಎರಡನ್ನೂ ಕೂಡಿಸಿ ನೋಡಿದಾಗ ಹುಡುಗಿ ಅರ್ಧ ಓಟದಲ್ಲಿ ಊರನ್ನೇ ಬದಲಿಸಿದಂತೆ ಕಾಣುತ್ತದೆ.

ಕಬ್ಬು ಬೇಕೇ ಬೇಕು ಅನ್ನುವವರು ಹೊಲದವರನ್ನು ಇಷ್ಟು ಕೇಳಿ: ಯಾವ ತಿಂಗಳ ನಾಟಿ, ಅಥವಾ ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆಯೋ? ಕಟಾವಿನ ಸರದಿ ಯಾವಾಗ? ಕೊನೆಯ ನೀರು ಎಂದು ಬಿಟ್ಟಿದ್ದು? ಎರೆ ಹೊಲಕ್ಕೆ ನೀರು ಹಾಯಿಸಿದ ನಾಲ್ಕು ದಿನ ಚಪ್ಪಲಿ ಕೂಡ ಮೇಲೆ ಬರುವುದಿಲ್ಲ. ಸಾಲಿನ ನಡುವೆ ಎಷ್ಟು ಅಡಿ? ಮೂರು ಅಡಿ ಇದ್ದರೆ ಕ್ಯಾಮೆರಾ ಹಿಡಿದವರು ಹಿಮ್ಮುಖವಾಗಿ ಓಡಲಾರರು, ಐದು ಅಡಿ ಸಾಲಿನ ಹೊಲವೇ ಬೇಕು. ಎಲೆಯ ಅಂಚು ಗರಗಸದಂತೆ ಕೊಯ್ಯುತ್ತದೆ, ನಟಿಗೆ ತುಂಬು ತೋಳಿನ ಬಟ್ಟೆಯನ್ನು ಕತೆಯಲ್ಲೇ ಬರೆದುಕೊಳ್ಳಿ. ಹಾವಿಗೆ ಗಮ್‌ಬೂಟು, ಬ್ಯಾಟರಿ, ಮುಂದೆ ಕೋಲು ಬಡಿಯುತ್ತ ನಡೆಯುವ ಒಬ್ಬರು. 2022ರ ಆಗಸ್ಟಿನಲ್ಲಿ ಚಿರತೆ ಬೆಳಗಾವಿ ನಗರದ ಗಾಲ್ಫ್ ಮೈದಾನಕ್ಕೇ ಬಂದಿತ್ತು, ಹಾಗಾಗಿ ಕತ್ತಲಾದ ಮೇಲೆ ಪಡದ ಒಳಗೆ ಯಾರನ್ನೂ ಒಂಟಿಯಾಗಿ ನಿಲ್ಲಿಸಬೇಡಿ. ಒಂದೇ ದಿನ, ಮಾತಿಲ್ಲದ ಒಂದೇ ಓಟ, ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ, ಅಷ್ಟಕ್ಕೆ ನಿಲ್ಲಿಸಿ. ಮಾತು ಯಾಕೆ ಬೇಡ ಅಂದರೆ, ಗಾಳಿಗೆ ರವದಿ ಮಾಡುವ ಸರಸರ ಸದ್ದು ಸ, ಶ, ಕ ಅಕ್ಷರಗಳ ಮೇಲೆಯೇ ಬಂದು ಕೂರುತ್ತದೆ. ಅದನ್ನು ತೆಗೆಯಲು ಹೋದರೆ ಮಾತೂ ಜೊತೆಗೇ ಹೋಗುತ್ತದೆ.

ಈಗ ವಾಡೆ. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ದೇಸಾಯರ, ಗೌಡರ, ಕುಲಕರ್ಣಿಯವರ ವಾಡೆಗಳು ಬೀಗ ಹಾಕಿಕೊಂಡು ನಿಂತಿವೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಲ್ಲೋ ಇರ್ತಾರೆ, ಕೀಲಿ ಊರಲ್ಲಿ ಯಾರದೋ ಮನೆಯ ಗೂಟಕ್ಕೆ ತೂಗುಬಿದ್ದಿರುತ್ತದೆ. ಕೀಲಿ ಇಟ್ಟವರ ಒಪ್ಪಿಗೆಯೊಂದೇ ಸಾಲದು, ಮನೆಯವರಿಗೆ ಫೋನ್ ಹಚ್ಚಿ ಅವರ ಬಾಯಿಂದಲೇ ಹೂಂ ಅನ್ನಿಸಿಕೊಳ್ಳಿ, ಒಂದು ಚೀಟಿಯಲ್ಲೂ ಬರೆಸಿಕೊಳ್ಳಿ. ಎರಡು ರಾತ್ರಿಗೆ ಮೂರು ಸಾವಿರ ಕೊಟ್ಟರೆ ಸಂತೋಷದಿಂದ ಕೊಡುವವರಿದ್ದಾರೆ.

ಇದರ ದೊಡ್ಡ ಗುಣ ಬಾಗಿಲು. ಮೊದಲ ರಾತ್ರಿ ಇಟ್ಟ ಕಂದೀಲು, ಚೆಲ್ಲಿದ ಜೋಳ, ಧೂಳಿನ ಮೇಲಿನ ಹೆಜ್ಜೆ ಗುರುತು ಎಲ್ಲವೂ ಬೀಗ ಹಾಕಿ ಬಂದರೆ ಎರಡನೇ ರಾತ್ರಿ ಹಾಗೇ ಸಿಗುತ್ತವೆ. ಕಬ್ಬು ಕೊಡದೇ ಇದ್ದದ್ದು ಇದನ್ನೇ. ಮಣ್ಣಿನ ಗೋಡೆ ಎರಡು-ಮೂರು ಅಡಿ ದಪ್ಪ ಇರುವುದರಿಂದ ಹೊರಗಿನ ಸದ್ದು ಒಳಗೆ ಬರುವುದು ಕಡಿಮೆ, ಒಳಗಿನ ಮಾತು ಗುಂಯ್ಗುಡುವುದೂ ಇಲ್ಲ. ನೂರೈವತ್ತು ರೂಪಾಯಿಯ ಕಾಲರ್ ಮೈಕಿನಲ್ಲೂ ಉಸಿರು ಸ್ವಚ್ಛವಾಗಿ ಸಿಗುತ್ತದೆ. ದಿಡ್ಡಿ ಬಾಗಿಲಿನ ಅಗಳಿ ಸರಿಯುವ ಸದ್ದನ್ನು ಮೈಕು ಒಂದು ಗೇಣು ದೂರದಲ್ಲಿಟ್ಟು ಬೇರೆಯಾಗಿ ಹತ್ತು ಸಲ ರೆಕಾರ್ಡ್ ಮಾಡಿ. ಕಟ್ಟಿಗೆ ಮೊದಲು ಕಟ್ಟೆಂದು ಹಿಡಿಯುತ್ತದೆ, ಆಮೇಲೆ ನರಳುತ್ತ ಸರಿಯುತ್ತದೆ, ಕೊನೆಗೆ ಗೋಡೆಯ ತೂತಿಗೆ ಧಪ್ಪೆಂದು ಬೀಳುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಯಾವ ಸದ್ದೂ ಇದಕ್ಕೆ ಸಮ ಬರಲಿಲ್ಲ.

ಬೆಳಕಿಗೆ ಮಾಳಿಗೆ ಹತ್ತಿ. ಬೆಳಕಿಂಡಿಯ ಮೇಲೆ ಒಂದು ಎಲ್‌ಇಡಿ ಪ್ಯಾನಲ್ ಬೋರಲು ಹಿಡಿದು, ಕೆಳಗೆ ಪಡಸಾಲೆಯಲ್ಲಿ ಒಂದು ಅಗ್ಗಿಷ್ಟಿಕೆಯ ಕೆಂಡಕ್ಕೆ ಎರಡು ಚಮಚ ಲೋಬಾನ ಹಾಕಿದರೆ ಬೆಳಕು ಕಂಬದಂತೆ ಇಳಿಯುತ್ತದೆ. ಗಾಳಿ ಆಡದ ಕಾರಣ ಹೊಗೆ ಹತ್ತು ನಿಮಿಷ ನಿಲ್ಲುತ್ತದೆ, ಬಯಲಿನಲ್ಲಿ ಹತ್ತು ಸೆಕೆಂಡೂ ನಿಲ್ಲುವುದಿಲ್ಲ. ಮೇವು, ಹೊಟ್ಟು ಇದ್ದ ಕೋಣೆಯಲ್ಲಿ ಕೆಂಡ ಬೇಡ, ಒಂದು ಕೊಡ ನೀರು ಬಗಲಲ್ಲೇ ಇರಲಿ. ಮಾಳಿಗೆ ಹತ್ತುವ ಮುಂಚೆ ಕೆಳಗಿನಿಂದ ತೊಲೆ ನೋಡಿ, ಗೆದ್ದಲು ತಿಂದ ಕಡೆ ಕಾಲಿಡಬೇಡಿ. ಕಂದೀಲಿನಲ್ಲಿ ಎಣ್ಣೆ ಬೇಡ, ಗಾಜಿನೊಳಗೆ ಚಾರ್ಜ್ ಮಾಡುವ ಹಳದಿ ಬಲ್ಬು ಕೂರಿಸಿ, ಮುಖಕ್ಕೆ ಅದರ ಬೆಳಕೇ ಸಾಕು.

ಮನೆಯ ಕರೆಂಟಿನ ಬಲ್ಬು ಚೌಕಟ್ಟಿನಲ್ಲಿ ಇದ್ದರೆ ಫೋನಿನಲ್ಲಿ ಕಪ್ಪು ಪಟ್ಟಿ ಓಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ, ಫೋನು ಮಾತ್ರ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮಿಗೆ ಹೊಂದಿಕೊಂಡಿರುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ 25 ಫ್ರೇಮ್, ಶಟರ್ 1/50 ಇಟ್ಟು ಬೀಗ ಹಾಕಿದರೆ ಪಟ್ಟಿ ಹೋಗುತ್ತದೆ.

ಹಗೇವಿನ ವಿಷಯ ಮಾತ್ರ ಕಿವಿಗೊಟ್ಟು ಕೇಳಿ. ವಾಡೆಯಲ್ಲಿ ಕಾಳು ಹಾಕುವ ನೆಲದಡಿಯ ಹಗೇವು ಕಂಡ ಕೂಡಲೇ ಎಲ್ಲ ಡೈರೆಕ್ಟರುಗಳಿಗೂ ‘ಹುಡುಗಿಯನ್ನು ಇದರೊಳಗೆ ಇಳಿಸೋಣ’ ಅನ್ನಿಸುತ್ತದೆ. ಇಳಿಸಲೇಬೇಡಿ. ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ತುಂಬಿ ಆಮ್ಲಜನಕ ಇರುವುದಿಲ್ಲ, ಇಳಿದವರು ಕೂಗುವುದಕ್ಕೂ ಆಗದೆ ಕುಸಿಯುತ್ತಾರೆ, ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಬಾಯಿಯ ಕಲ್ಲು ಸರಿಯುವುದು, ಒಳಗೆ ಇಣುಕುವ ಮುಖ, ಇವೆರಡನ್ನೂ ಖಾಲಿ ಹಗೇವಿನ ಬಾಯಿಯ ಪ್ರತಿರೂಪ ಮಾಡಿಕೊಂಡು ತೆಗೆಯಿರಿ: ಒಂದು ಗುಂಡು ಬುಟ್ಟಿಯ ತಳ ಕೊಯ್ದು, ಸುತ್ತ ಮಣ್ಣು ಮೆತ್ತಿ, ಎರಡು ಮೇಜಿನ ನಡುವೆ ಇಟ್ಟು, ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ. ಒಳಗಿನ ದೃಶ್ಯಕ್ಕೆ ಕಿಟಕಿಯಿಲ್ಲದ ಕತ್ತಲೆ ಕೋಣೆ ಸಾಕು.

ವಾಡೆಯ ತೊಂದರೆಗಳು ಸಣ್ಣವು. ಬಾವಲಿ ಇದ್ದರೆ ಮೂಗಿಗೆ ಮಾಸ್ಕ್. ಊರ ಗಿರಣಿ ಹತ್ತಿರವಿದ್ದರೆ ಅದು ನಿಲ್ಲುವ ಹೊತ್ತು ಕೇಳಿಕೊಂಡು ಮಾತಿನ ದೃಶ್ಯ ಇಟ್ಟುಕೊಳ್ಳಿ. ಕಿರಿಚುವ ದೃಶ್ಯಕ್ಕೆ ಮೊದಲು ಅಕ್ಕಪಕ್ಕದ ಮನೆಗೂ ಪೊಲೀಸ್ ಠಾಣೆಗೂ ತಿಳಿಸಿ. ಕತೆಗೆ ಇಟ್ಟ ಲಿಂಬಿಹಣ್ಣು, ಕುಂಕುಮ, ಗೊಂಬೆ ಎಲ್ಲವನ್ನೂ ಎಣಿಸಿ ಇಟ್ಟು ಎಣಿಸಿಯೇ ವಾಪಸ್ ತನ್ನಿ. ಹೊಸ್ತಿಲಲ್ಲಿ ಒಂದು ಉಳಿದರೂ ಮರುದಿನ ಊರೇ ಗಾಬರಿಯಾಗುತ್ತದೆ, ನಿಮ್ಮ ಹಿಂದೆ ಬರುವ ಹುಡುಗರಿಗೆ ಯಾರೂ ಕೀಲಿ ಕೊಡುವುದಿಲ್ಲ.

ದಿನ ಗೊತ್ತು ಮಾಡುವಾಗ ಅಮಾವಾಸ್ಯೆ ಕೇಳಬೇಡಿ, ಆ ದಿನ ವಾಡೆಯ ಬಾಗಿಲು ತೆಗೆಯಲು ಯಾರ ಮನಸ್ಸೂ ಒಪ್ಪುವುದಿಲ್ಲ. ಅಮಾವಾಸ್ಯೆ ಕಳೆದ ಮೇಲಿನ ಬಿದಿಗೆ, ತದಿಗೆ ಕೇಳಿ. ಚಂದ್ರ ಬೇಗ ಮುಳುಗುತ್ತಾನೆ, ಒಂಬತ್ತು ಗಂಟೆಗೆಲ್ಲ ಬೆಳಕಿಂಡಿಯಲ್ಲಿ ನಿಮ್ಮ ಪ್ಯಾನಲ್ ಬಿಟ್ಟರೆ ಬೇರೆ ಬೆಳಕಿರುವುದಿಲ್ಲ.