ಕಡಲೆ ಹಿಟ್ಟು ಒಂದೇ, ಊರು ಮೂರು: ಜಿನೋವಾ, ಲಿವೊರ್ನೊ, ಪಲೆರ್ಮೊ

ಇಟಲಿಯಲ್ಲಿ ಕಡಲೆ ಹಿಟ್ಟಿನ ತಿಂಡಿ ಸಿಗುತ್ತದೆ ಅಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ತಮ್ಮ ಮಿಲಾನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಮ್ಮನನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಹೋಗಿದ್ದೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ, ಮೂರನೇ ದಿನಕ್ಕೇ ಅವರಿಗೆ ಚೀಸಿನ ವಾಸನೆ ಸಾಕಾಗಿ ಹೋಗಿತ್ತು. ಜಿನೋವಾದಲ್ಲಿ ಫರಿನಾತಾ ಅಂತ ಒಂದಿದೆ, ಬರೀ ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಬೇರೇನೂ ಇಲ್ಲ ಅಂತ ತಮ್ಮ ಹೇಳಿದ. ಅಲ್ಲಿಂದ ಶುರುವಾಗಿ ಎರಡು ವಾರದಲ್ಲಿ ಮೂರು ಊರಿನ ಕಡಲೆ ಹಿಟ್ಟು ತಿಂದು ಬಂದೆವು.

ಜಿನೋವಾದಲ್ಲಿ ಮೊದಲ ಸಲ ಮೋಸ ಹೋದೆವು. ಬಂದರಿನ ಹತ್ತಿರ, ಟೂರಿಸ್ಟುಗಳು ಓಡಾಡುವ ಕಡೆ ಒಂದು ಅಂಗಡಿ. ಗಾಜಿನ ಹಿಂದೆ ತಣ್ಣಗೆ ಮಲಗಿದ್ದ ತುಂಡನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಕೊಟ್ಟರು. ಒದ್ದೆ ರಟ್ಟು ತಿಂದ ಹಾಗಾಯಿತು. ಅಮ್ಮ ಒಂದು ತುತ್ತು ತಿಂದು ಸುಮ್ನೆ ನನ್ನ ಮುಖ ನೋಡಿದರು.

ಸಂಜೆ ಹಳೇ ಊರಿನ ಓಣಿಯೊಳಗೆ ಹೋದೆವು. ಸೌದೆ ಒಲೆ ಇಟ್ಟುಕೊಂಡು ಫರಿನಾತಾ, ಕರಿದ ತಿಂಡಿ ಮಾರುವ ಹಳೇ ಅಂಗಡಿಗಳಿಗೆ ಅಲ್ಲಿಯವರು ಶಮಾದ್ದಾ ಅನ್ನುತ್ತಾರೆ, ಬೆಂಕಿಯ ಜ್ವಾಲೆಯಿಂದ ಬಂದ ಹೆಸರು. ಒಳಗೆ ಕಲಾಯಿ ಮಾಡಿದ ದೊಡ್ಡ ತಾಮ್ರದ ಹರಿವಾಣ, ನಮ್ಮ ಮದುವೆ ಮನೆಯಲ್ಲಿ ಇರುತ್ತದಲ್ಲ, ಅದಕ್ಕಿಂತಲೂ ಅಗಲ. ಒಂದು ಪಾಲು ಹಿಟ್ಟಿಗೆ ಸುಮಾರು ಮೂರು ಪಾಲು ನೀರು ಹಾಕಿ, ಗಂಟೆಗಟ್ಟಲೆ ನೆನೆಯಲು ಬಿಟ್ಟು, ಮೇಲೆ ಬಂದ ನೊರೆಯನ್ನೆಲ್ಲ ತೆಗೆದಿರುತ್ತಾರೆ. ನೀರು ದೋಸೆ ಹಿಟ್ಟಿಗಿಂತ ತೆಳ್ಳಗಿರುವ ಅದನ್ನು ಎಣ್ಣೆ ಹಾಕಿದ ಹರಿವಾಣಕ್ಕೆ ಸುರಿದು ಒಲೆಯೊಳಗೆ ತಳ್ಳಿದರು. ಹರಿವಾಣ ಹೊರಗೆ ಬಂದಾಗ ಎಣ್ಣೆ ಇನ್ನೂ ಚಿಟಪಟ ಅನ್ನುತ್ತಿತ್ತು. ಮೇಲೆ ಕಂದು ಬಣ್ಣದ ಗರಿ, ಒಳಗೆ ಗಿಣ್ಣಿನ ಹಾಗೆ ಮೆತ್ತಗೆ, ದಪ್ಪ ನೋಡಿದರೆ ಅರ್ಧ ಸೆಂಟಿಮೀಟರ್ ಕೂಡ ಇಲ್ಲ. ಕಾಳುಮೆಣಸಿನ ಪುಡಿ ಉದುರಿಸಿ, ಅಡ್ಡಾದಿಡ್ಡಿ ಕತ್ತರಿಸಿ ಕಾಗದದಲ್ಲಿ ಕೊಟ್ಟರು. ಬೆಳಿಗ್ಗೆ ತಿಂದಿದ್ದೂ ಇದೂ ಒಂದೇ ತಿಂಡಿ ಅಂದರೆ ಹೇಗೆ ನಂಬುವುದು! ಆದರೆ ಇದರ ಆಯಸ್ಸು ಹತ್ತು ನಿಮಿಷ ಅಷ್ಟೇ. ಅಮ್ಮ ಫೋಟೋ ತೆಗೆಯುತ್ತಾ ಕೂತ ಹೊತ್ತಿಗೆ ಅವರ ತುಂಡಿನ ಗರಿ ಇಳಿದು ಹೋಗಿತ್ತು.

ಇದರ ಹಿಂದೆ ಒಂದು ಕಥೆ ಹೇಳುತ್ತಾರೆ. 1284ರಲ್ಲಿ ಮೆಲೋರಿಯಾ ಕಾಳಗದಲ್ಲಿ ಜಿನೋವಾದವರು ಪೀಸಾದವರನ್ನು ಸೋಲಿಸಿ ವಾಪಸ್ ಬರುವಾಗ ಬಿರುಗಾಳಿ ಎದ್ದು, ಹಡಗಿನಲ್ಲಿದ್ದ ಕಡಲೆ ಹಿಟ್ಟು, ಎಣ್ಣೆ ಎಲ್ಲ ಸಮುದ್ರದ ನೀರಿನ ಜೊತೆ ಕಲಸಿ ಹೋಯಿತಂತೆ, ಆಮೇಲೆ ಅದು ಬಿಸಿಲಿಗೆ ಒಣಗಿ ಹಪ್ಪಳದ ಹಾಗಾಯಿತಂತೆ. ಅದಕ್ಕೇ ಸೋತವರನ್ನು ಕೆಣಕಲು 'ಪೀಸಾದ ಚಿನ್ನ' ಅಂತ ಹೆಸರಿಟ್ಟರಂತೆ. ಎಷ್ಟು ನಿಜವೋ ದೇವರೇ ಬಲ್ಲ, ಕೇಳಲು ಮಾತ್ರ ಚೆನ್ನಾಗಿದೆ.

ಆ ಮೆಲೋರಿಯಾ ಇರುವುದು ಲಿವೊರ್ನೊ ಊರಿನ ಎದುರಿನ ಸಮುದ್ರದಲ್ಲೇ. ಪೀಸಾದ ವಾಲು ಗೋಪುರ ನೋಡಲು ಎಲ್ಲರೂ ಹೋಗೇ ಹೋಗುತ್ತಾರೆ. ಅಲ್ಲಿಂದ ಲಿವೊರ್ನೊಗೆ ರೈಲಿನಲ್ಲಿ ಕಾಲು ಗಂಟೆಗೆ ಸ್ವಲ್ಪ ಜಾಸ್ತಿ, ಆದರೂ ಇಳಿಯುವವರು ಕಡಿಮೆ. ಪೀಸಾದಲ್ಲಿ ಇದೇ ತಿಂಡಿಗೆ ಚೆಚೀನಾ ಅನ್ನುತ್ತಾರೆ, ಲಿವೊರ್ನೊದಲ್ಲಿ ಬರೀ ತೋರ್ತಾ. ತಮ್ಮ ಲಿವೊರ್ನೊದಲ್ಲಿ ನಿಂತು ಚೆಚೀನಾ ಅಂದುಬಿಟ್ಟ. ಅಂಗಡಿಯಾತ ನಗುತ್ತಲೇ ತಿದ್ದಿದ. ಎರಡು ಊರಿಗೂ ಅಷ್ಟಕ್ಕಷ್ಟೇ ಅಂತ ಆಮೇಲೆ ಗೊತ್ತಾಯಿತು.

ಲಿವೊರ್ನೊದವರು ತೋರ್ತಾವನ್ನು ಬ್ರೆಡ್ಡಿನೊಳಗೆ ಇಟ್ಟು ಕೊಡುತ್ತಾರೆ. ಹೆಸರು 'ಚಿಂಕ್ವೆ ಎ ಚಿಂಕ್ವೆ', ಐದು ಮತ್ತು ಐದು. ಹಿಂದೆ ಐದು ಕಾಸಿನ ಬ್ರೆಡ್ಡು, ಐದು ಕಾಸಿನ ತೋರ್ತಾ ಅಂತ ಕೇಳುತ್ತಿದ್ದರಂತೆ, ಹಾಗೇ ಉಳಿದುಕೊಂಡಿದೆ. ನಾವು ಫೊಕಾಚಾ ಅನ್ನುವ ಚಪ್ಪಟೆ ಬ್ರೆಡ್ಡಿನಲ್ಲಿ ಹಾಕಿಸಿಕೊಂಡೆವು. ಬೆಳ್ಳುಳ್ಳಿ, ಮೆಣಸಿನಕಾಯಿ, ಎಣ್ಣೆಯಲ್ಲಿ ನೆನೆದ ಬದನೆಕಾಯಿ ಬೇಕಾ ಅಂತ ಕೇಳಿದರು. ಬೇಡ ಅನ್ನುತ್ತೇವಾ? ಜೊತೆಗೆ ಸ್ಪೂಮಾ ಅಂತ ಒಂದು ಸಿಹಿ ಸೋಡಾ, ನಮ್ಮ ಜಾತ್ರೆಯ ಬಣ್ಣದ ಸೋಡಾದ ಅಣ್ಣ ಅನ್ನಿ. ಬ್ರೆಡ್ಡಿಗೆ ಹಿಟ್ಟಿನದ್ದೇ ಪಲ್ಯವಾ ಅಂತ ನಾನು ಮೊದಲು ಮೂಗು ಮುರಿದಿದ್ದೆ. ಆದರೆ ಬದನೆಕಾಯಿಯ ಖಾರದ ಎಣ್ಣೆ ಬ್ರೆಡ್ಡಿಗೆ ಇಳಿದು, ನಡುವೆ ಮೆತ್ತಗಿನ ತೋರ್ತಾ ಸಿಕ್ಕಾಗ ಮಾತು ನಿಂತಿತು. ಬ್ರೆಡ್ಡು ಬಿಸಿ ಹಿಡಿದಿಡುವುದರಿಂದ ಅವಸರವೂ ಇಲ್ಲ, ಸಮುದ್ರದ ದಂಡೆವರೆಗೆ ನಡೆದುಕೊಂಡು ಹೋಗಿ ತಿಂದೆವು.

ಪಲೆರ್ಮೊಗೆ ವಿಮಾನದಲ್ಲಿ ಹೋದೆವು. ಅದು ಸಿಸಿಲಿ ದ್ವೀಪದ ಊರು, ಅಲ್ಲಿಯ ಕಡಲೆ ಹಿಟ್ಟಿನ ತಿಂಡಿ ಪನೆಲ್ಲೆ ಬೇರೆ ದಾರಿ ಹಿಡಿಯುತ್ತದೆ. ಇಲ್ಲಿ ಹಿಟ್ಟನ್ನು ಒಲೆಯ ಮೇಲೆ ಗಂಟಾಗದ ಹಾಗೆ ತಿರುವುತ್ತಾ ಗಟ್ಟಿ ಮಾಡಿ, ಪಾರ್ಸ್ಲಿ ಸೊಪ್ಪು ಹಾಕಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. 9ನೇ ಶತಮಾನದಿಂದ ಸಿಸಿಲಿ ಆಳಿದ ಅರಬರ ಕಾಲದಿಂದ ಬಂದಿದ್ದು ಅನ್ನುತ್ತಾರೆ. ಬಲ್ಲಾರೊ ಸಂತೆಯಲ್ಲಿ, ಮೀನಿನವರ ಕೂಗಾಟದ ನಡುವೆ, ಅಮ್ಮ ಒಂದು ತುಂಡು ಕಚ್ಚಿ ಹೇಳಿದ್ದು: "ಇದು ನಮ್ಮ ಝುಣಕದ ವಡೀನ ಬಿಡಪ್ಪಾ. ಎಣ್ಣ್ಯಾಗ ಕರದಾರ, ಅಷ್ಟ." ನಿಜ, ಒಗ್ಗರಣೆ, ಖಾರ, ಕೊಬ್ಬರಿ ಇಲ್ಲ, ಉಳಿದದ್ದೆಲ್ಲ ಅದೇ. ಎಳ್ಳು ಹಚ್ಚಿದ ಬನ್ನಿನೊಳಗೆ ನಾಲ್ಕೈದು ಪನೆಲ್ಲೆ ಜೋಡಿಸಿ, ಮೇಲೆ ನಿಂಬೆ ಹಿಂಡಿ ಕೊಡುತ್ತಾರೆ. ನಿಂಬೆ ಬಿಡಬೇಡಿ, ಅದಿಲ್ಲದಿದ್ದರೆ ಸಪ್ಪೆ. ಒಂದು ಮಾತು: ಸಸ್ಯಾಹಾರಿಗಳು ಅಂಗಡಿ ನೋಡಿ ನಿಲ್ಲಿ. ಪಕ್ಕದಲ್ಲೇ ದನದ ಗುಲ್ಮ ಹಾಕಿದ ಬನ್ನೂ ಮಾರುತ್ತಿರುತ್ತಾರೆ, ಎಣ್ಣೆಯಲ್ಲಿ ಬೇರೆ ಏನೇನು ಕರಿಯುತ್ತಾರೆ ಅಂತ ಕೇಳಿಕೊಳ್ಳಿ. ನಾವು ಪನೆಲ್ಲೆ ಮತ್ತು ಆಲೂಗಡ್ಡೆಯ ಕ್ರೊಕ್ಕೆ ಮಾತ್ರ ಕರಿಯುವ ಗಾಡಿ ಹುಡುಕಿದೆವು.

ಮನೆಗೆ ಬಂದು ನಮ್ಮ ಕಡಲೆ ಹಿಟ್ಟಿನಲ್ಲಿ ಫರಿನಾತಾ ಮಾಡಿ ನೋಡಿದೆ. ಆ ರುಚಿ ಬರಲಿಲ್ಲ. ಅಲ್ಲಿಯದು ಬಿಳಿ ಕಾಬೂಲಿ ಕಡಲೆಯ ಹಿಟ್ಟು, ನಮ್ಮದು ಕಡಲೆಬೇಳೆಯದ್ದು. ಪನೆಲ್ಲೆ ಮಾತ್ರ ಪರವಾಗಿಲ್ಲ, ಚೆನ್ನಾಗೇ ಬಂತು.

ಯಾವುದು ತಿನ್ನಬೇಕು ಅಂತ ಕೇಳಿದರೆ, ತಿಂಡಿಯಾಗಿ ಮೇಲುಗೈ ಜಿನೋವಾದ್ದೇ, ಆದರೆ ಒಲೆ ಮುಂದೆ ಕಾದು ನಿಲ್ಲುವ ತಾಳ್ಮೆ ಇದ್ದರೆ ಮಾತ್ರ. ಹರಿವಾಣ ಖಾಲಿ ಇದ್ದರೆ ಖುಷಿ ಪಡಿ, ಮುಂದಿನದು ಬಿಸಿಯಾಗಿ ಬರುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಪಲೆರ್ಮೊ ಸುಲಭ, ಕರಿದದ್ದು ಯಾರಿಗೆ ಬೇಡ. ಅಮ್ಮನ ಓಟೂ ಅದಕ್ಕೇ. ನನಗೆ ಮಾತ್ರ ಇವತ್ತೂ ಬಾಯಲ್ಲಿ ನೀರೂರಿಸುವುದು ಲಿವೊರ್ನೊದ ಆ ಬದನೆಕಾಯಿ ಹಾಕಿದ ಬ್ರೆಡ್ಡು. ಮುಂದಿನ ಸಲ ಪೀಸಾದ ಗೋಪುರ ಬಿಟ್ಟರೂ ಅದನ್ನು ಬಿಡುವುದಿಲ್ಲ.