ಟಿಸಿ ಕೊಡಿ ಅಂತ ನೀವೇ ಬರೆದುಕೊಡಬೇಡಿ

ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಶಾಲೆಯವರು ಮುಂದಿಟ್ಟ ಕಾಗದಕ್ಕೆ ನಾನು ಒಂದು ಸಹಿ ಹಾಕಿದೆ. ಅದರಿಂದ ನನ್ನ ಮಗ ಐದು ತಿಂಗಳು ಶಾಲೆಯಿಲ್ಲದೆ ಮನೆಯಲ್ಲಿ ಕೂರಬೇಕಾಯಿತು.

ಅವನಿಗೆ ಈಗ ಎಂಟು ವರ್ಷ. ಮಾತು ಕಡಿಮೆ. ಆದರೆ ಬಿಎಂಟಿಸಿ ಬಸ್ ನಂಬರ್ ಹೇಳಿದರೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಥಟ್ಟನೆ ಹೇಳುತ್ತಾನೆ. ಜೋರು ಸದ್ದು ಮಾತ್ರ ಅವನಿಗೆ ಆಗುವುದೇ ಇಲ್ಲ. ಮನೆಯಲ್ಲಿ ಮಿಕ್ಸಿ ಹಾಕುವ ಮೊದಲು ಅವನಿಗೆ ಹೇಳಿಯೇ ಹಾಕುತ್ತೇವೆ. ಬೆಂಗಳೂರಿನ ಒಂದು ಖಾಸಗಿ ಶಾಲೆಗೆ ಸೇರಿಸುವಾಗ ಇದೆಲ್ಲವನ್ನೂ ಹೇಳಿದ್ದೆವು. ನಿಮ್ಹಾನ್ಸ್‌ನ ರಿಪೋರ್ಟನ್ನೂ ಕೊಟ್ಟಿದ್ದೆವು. 'ನಮ್ಮಲ್ಲಿ ಇಂಥ ಮಕ್ಕಳು ಇದ್ದಾರೆ ಸರ್, ನೀವು ನಿಶ್ಚಿಂತೆಯಾಗಿರಿ' ಅಂದರು. ಕ್ಲಾಸಿನಲ್ಲಿ ಅವನ ಜೊತೆಗೇ ಇದ್ದು ನೋಡಿಕೊಳ್ಳುವ ಶ್ಯಾಡೋ ಟೀಚರ್‌ಗೆ ಅಂತ ಫೀಸಿನ ಜೊತೆಗೆ ತಿಂಗಳಿಗೆ 12,000 ರೂಪಾಯಿ ಬೇರೆ ತೆಗೆದುಕೊಂಡರು. ಆ ಟೀಚರನ್ನು ಎಷ್ಟೋ ದಿನ ಬೇರೆ ಕ್ಲಾಸಿಗೆ ಕಳಿಸುತ್ತಿದ್ದರು ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು.

ಮೊದಲ ವರ್ಷ ಚೆನ್ನಾಗಿಯೇ ಇತ್ತು. ಎರಡನೇ ಕ್ಲಾಸಿನ ನವೆಂಬರ್‌ನಲ್ಲಿ ದಿನಾ ಫೋನ್ ಬರಲು ಶುರುವಾಯಿತು. ಇವತ್ತು ಬೆಂಚು ತಳ್ಳಿದ, ಇವತ್ತು ಕಿರುಚಿದ, ಇವತ್ತು ಟೀಚರ್ ಕೈ ಪರಚಿದ. ನಾವು ಮನೆಯಲ್ಲಿ ಅವನನ್ನೇ ಬೈದೆವು. ಒಂದು ದಿನ ನಾನು ಹೊಡೆದೂಬಿಟ್ಟೆ. ಅದು ನೆನಪಾದರೆ ಈಗಲೂ ಕರುಳು ಹಿಂಡಿದ ಹಾಗಾಗುತ್ತದೆ. ಯಾಕೆ ಹೀಗೆ ಮಾಡುತ್ತಿದ್ದಾನೆ ಅಂತ ಶಾಲೆಯವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಡಿಸೆಂಬರ್ ಮೊದಲ ವಾರ ಪಕ್ಕದಲ್ಲಿ ಕೂರುವ ಹುಡುಗನ ತೋಳು ಕಚ್ಚಿದ. ಹಲ್ಲಿನ ಗುರುತು ಮೂಡಿತ್ತು. ಆ ಮಗುವಿಗೆ ನೋವಾಗಿದ್ದು ನಿಜ, ಅವರಮ್ಮನ ಸಿಟ್ಟೂ ನ್ಯಾಯವೇ. ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು.

ಮಾರನೇ ದಿನ ನನ್ನೊಬ್ಬನನ್ನೇ ಶಾಲೆಗೆ ಕರೆದರು. ಮೇಜಿನ ಆ ಕಡೆ ನಾಲ್ಕು ಜನ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಪತ್ರ ರೆಡಿ ಇತ್ತು. ವೈಯಕ್ತಿಕ ಕಾರಣದಿಂದ ಮಗನನ್ನು ಬಿಡಿಸಿಕೊಳ್ಳುತ್ತಿದ್ದೇವೆ, ಟಿಸಿ ಕೊಡಿ ಅಂತ. 'ಬೇರೆ ಪೇರೆಂಟ್ಸ್ ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಅಂತಿದ್ದಾರೆ ಸರ್. ನೀವೇ ಬಿಡಿಸಿಕೊಂಡರೆ ಅವನ ರೆಕಾರ್ಡ್ ಕ್ಲೀನ್ ಆಗಿರುತ್ತೆ. ಇಲ್ಲದಿದ್ದರೆ ನಾವು ಬರೆಯಬೇಕಾಗುತ್ತೆ' ಅಂದರು. ಏಳು ವರ್ಷದ ಮಗುವಿನ ಮೇಲೆ ಪೊಲೀಸ್! ಆ ಹೆದರಿಕೆಯಲ್ಲಿ ನನಗೆ ಏನೂ ತೋಚಲಿಲ್ಲ. ಸಹಿ ಹಾಕಿದೆ. ಮನೆಗೆ ಬಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: 'ನನ್ನನ್ನ ಒಂದು ಮಾತು ಕೇಳಬಾರದಿತ್ತಾ ರೀ?'

ಪುಸ್ತಕ, ಬ್ಯಾಗು ತರಲು ಹೋದಾಗ ಅಲ್ಲಿನ ಆಯಾ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. 'ಸಾರ್, ಸ್ಕೂಲ್ ಡೇಗೆ ಅಂತ ಅವನ ಕ್ಲಾಸ್ ಪಕ್ಕದಲ್ಲೇ ದಿನಾ ಡ್ರಮ್ ಹೊಡೀತಿದ್ರು. ಪಾಪ, ಕಿವಿ ಮುಚ್ಕೊಂಡು ನಡುಗೋನು. ಗಲಾಟೆ ಮಾಡ್ತಾನೆ ಅಂತ ಅವನನ್ನ ಬಾಗಿಲ ಹತ್ತಿರಾನೇ ಕೂರಿಸಿದ್ರು' ಅಂದರು. ಬಾಗಿಲ ಹತ್ತಿರ ಅಂದರೆ ಡ್ರಮ್ಮಿಗೆ ಇನ್ನೂ ಹತ್ತಿರ. ಒಂದು ತಿಂಗಳು ನನ್ನ ಮಗ ಅದನ್ನೇ ಹೇಳುತ್ತಿದ್ದ. ನಮಗೆ ಯಾರಿಗೂ ಅರ್ಥವಾಗಲಿಲ್ಲ.

ಆಮೇಲಿನ ಮೂರು ವಾರ ಅವನು ದಿನಾ ಬೆಳಿಗ್ಗೆ ತಾನೇ ಯೂನಿಫಾರ್ಮ್ ಹಾಕಿಕೊಂಡು, ಎಂಟು ಗಂಟೆಗೆ ಗೇಟಿನ ಹತ್ತಿರ ನಿಂತು ವ್ಯಾನಿಗೆ ಕಾಯುತ್ತಿದ್ದ. ವ್ಯಾನ್ ನಮ್ಮ ರಸ್ತೆಯಲ್ಲೇ ಹಾದುಹೋಗುತ್ತಿತ್ತು. ನಿಲ್ಲುತ್ತಿರಲಿಲ್ಲ.

ನಾಲ್ಕು ಶಾಲೆಗಳಲ್ಲಿ ಕೇಳಿದೆವು. ವರ್ಷದ ಮಧ್ಯೆ ಯಾಕೆ ಬಿಡಿಸಿದಿರಿ ಅಂತ ಕೇಳಿ, ಆಮೇಲೆ ತಿಳಿಸುತ್ತೇವೆ ಅನ್ನೋರು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದರೆ ನನ್ನ ಪತ್ರವನ್ನೇ ನನಗೆ ತೋರಿಸಿದರು. 'ನೀವೇ ಕೇಳಿ ತಗೊಂಡಿದ್ದೀರಲ್ಲಾ ಸರ್, ನಾವೇನು ಮಾಡೋಕಾಗುತ್ತೆ?'

ಆ ಪತ್ರ ಅವರಿಗೆ ಅಷ್ಟು ಯಾಕೆ ಬೇಕಿತ್ತು ಅಂತ ಒಬ್ಬ ವಕೀಲರು ಬಿಡಿಸಿ ಹೇಳಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. (ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅದು ಗೊತ್ತಿರಲಿ.) 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಅದರಲ್ಲೂ 16ನೇ ಸೆಕ್ಷನ್ನೇ. ಸರ್ಕಾರದ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ಹೊರಗೆ ಹಾಕುವುದು ಕಷ್ಟ, ಅದಕ್ಕೇ ನಾವೇ ಹೊರಗೆ ಹೋದ ಹಾಗೆ ಬರೆಸಿಕೊಳ್ಳುತ್ತಾರೆ.

ಇನ್ನೊಂದು ತಪ್ಪನ್ನೂ ನಾವು ಮಾಡಿದ್ದೆವು. ಜನ ಏನಂತಾರೋ ಅಂತ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿರಲಿಲ್ಲ. ಅದನ್ನು ಮೊದಲು ಮಾಡಿಸಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಆದರೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲಿ ಅಥವಾ ನಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಅದೇ 2016ರ ಕಾಯ್ದೆಯಲ್ಲಿದೆ. ಶಾಲೆ ಅನ್ಯಾಯ ಮಾಡಿದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಮಗ ಈಗ ಜೂನ್‌ನಿಂದ ಒಂದು ಚಿಕ್ಕ ಶಾಲೆಗೆ ಹೋಗುತ್ತಿದ್ದಾನೆ. ಬೆಲ್ ಹೊಡೆಯುವ ಎರಡು ನಿಮಿಷ ಮೊದಲು ಮಿಸ್ ಬಂದು ಅವನ ಡೆಸ್ಕ್ ಮೇಲೆ ಎರಡು ಬೆರಳು ಇಡುತ್ತಾರೆ. ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಬೆಲ್ ಆಗುತ್ತದೆ, ಕೈ ತೆಗೆಯುತ್ತಾನೆ. ಇದಕ್ಕೆ ಏನು ಖರ್ಚಾಯಿತು ಹೇಳಿ?

ನಾಳೆ ಮೀಟಿಂಗಿಗೆ ಬನ್ನಿ ಅಂತ ನಿಮಗೆ ಯಾರಿಗಾದರೂ ಫೋನ್ ಬಂದಿದ್ದರೆ ಒಬ್ಬರೇ ಹೋಗಬೇಡಿ. ಥೆರಪಿಸ್ಟನ್ನೋ, ಅಣ್ಣನನ್ನೋ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಗಲಾಟೆ ಆಗುವ ಮೊದಲು ಕ್ಲಾಸಿನಲ್ಲಿ ಏನು ನಡೆದಿತ್ತು ಅಂತ ಬರವಣಿಗೆಯಲ್ಲಿ ಕೇಳಿ. ಏನಾದರೂ ಕಾಗದ ಮುಂದಿಟ್ಟರೆ, ಮನೆಗೆ ತಗೊಂಡು ಹೋಗಿ ಓದಿ ಹೇಳುತ್ತೇವೆ ಅಂತ ಎದ್ದು ಬನ್ನಿ. ಅಲ್ಲೇ ಕೂತು ಸಹಿ ಹಾಕಬೇಡಿ.